ಮಾತಿಸರ ಕತ್ತರಿ

ಫ್ರಾನ್ಸಿನ ಪ್ರಸಿದ್ಧ ಚಿತ್ರಕಾರ ಹೆನ್ರಿ ಮಾತಿಸರಿಗೆ 1941ರಲ್ಲಿ, ತಮ್ಮ 71ನೆಯ ವಯಸ್ಸಿನಲ್ಲಿ, ಕರುಳಿನ ಕ್ಯಾನ್ಸರ್ ನಿಮಿತ್ತ ಲಿಯೋನ್ ನಗರದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಬದುಕುವ ಭರವಸೆ ಅಲ್ಪವಾಗಿತ್ತು, ಬದುಕಿದರು. ಆದರೆ ಬಹುಹೊತ್ತು ನಿಂತು ಚಿತ್ರ ಬರೆಯುವ ಶಕ್ತಿ ಉಡುಗಿತು. ಹಾಸಿಗೆ, ಗಾಲಿಕುರ್ಚಿಗಳೇ ಕಾರ್ಯಾಗಾರವಾದವು. ಸಹಾಯಕರು ಬಣ್ಣ ಬಳಿದುಕೊಟ್ಟ ಕಾಗದದಲ್ಲಿ ಅವರ ಕತ್ತರಿ ಎಲೆ, ಹಕ್ಕಿ, ಕಡಲಪಾಚಿಗಳನ್ನು ಬಿಡಿಸಿತು. ಅವರು ರೋಗವನ್ನು ಚಿತ್ರಿಸಲಿಲ್ಲ. ಮರಳಿ ದೊರೆತ ದಿನಗಳನ್ನೇ ಬಣ್ಣವಾಗಿಸಿದರು ಎಂಬುದು ನಮಗೆ ವಿಶೇಷವೆನಿಸುತ್ತದೆ.

1942ರಲ್ಲಿ ಅವರ ಶುಶ್ರೂಷೆ ಮಾಡಿದ ಮೊನಿಕ್ ಬೂರ್ಜ್ವಾ ಎಂಬ ತರುಣಿ ಮುಂದೆ ಡೊಮಿನಿಕನ್ ಸಭೆ ಸೇರಿ ಸಿಸ್ಟರ್ ಜಾಕ್-ಮರಿ ಆದರು. ವಾನ್ಸ್ ಊರಿನ ಆ ಭಗಿನಿಯರ ಪ್ರಾರ್ಥನೆ ನಡೆಯುತ್ತಿದ್ದುದು ಹಳೆಯ ಗ್ಯಾರೇಜಿನಲ್ಲಿ! ಆಕೆ ಸಲಹೆ ಕೇಳಿದಾಗ, ಧರ್ಮಾಚರಣೆಯಿಂದ ದೂರವೇ ಉಳಿದಿದ್ದ ಮಾತಿಸರು ನಾಲ್ಕು ವರ್ಷ ದುಡಿದು, ಕಿಟಕಿಯಿಂದ ಪೂಜಾವಸ್ತ್ರದವರೆಗೆ ಎಲ್ಲವನ್ನೂ ತಾವೇ ರೂಪಿಸಿಕೊಟ್ಟರು. ಹಳದಿ, ಹಸಿರು, ನೀಲಿ ಗಾಜುಗಳ ವಿನ್ಯಾಸ ಹುಟ್ಟಿದ್ದು ಅದೇ ಕತ್ತರಿಯಿಂದ. ಉದ್ದನೆಯ ಬಿದಿರುಕೋಲಿನ ತುದಿಗೆ ಇದ್ದಿಲು ಕಟ್ಟಿ ಭಿತ್ತಿಚಿತ್ರಗಳ ಕರಡು ಎಳೆದರು. ಬಿಳಿಗೋಡೆಯ ಮೇಲಿನ ಕಪ್ಪುಗೆರೆಯ ಶಿಲುಬೆಹಾದಿ ಹಲವರಿಗೆ ಒರಟೆನಿಸಿತು. ನಾವಾದರೋ ಅಲ್ಲಿ ನೋವನ್ನು ಅರಿತ ಕೈಯನ್ನು ಕಾಣುತ್ತೇವೆ.

1951ರ ಜೂನ್ 25ರಂದು ಜಪಮಾಲೆಯ ಆ ಪ್ರಾರ್ಥನಾಲಯ ಪವಿತ್ರೀಕರಣಗೊಂಡಿತು. ಅನಾರೋಗ್ಯದ ಕಾರಣ ಮಾತಿಸರು ಬರಲಾಗಲಿಲ್ಲ. ಇನ್ನೂ ಮೂರು ವರ್ಷ ಕಾಗದ ಕತ್ತರಿಸುತ್ತಲೇ ಇದ್ದು, 1954ರಲ್ಲಿ ತೀರಿಕೊಂಡರು.