ಥಾಮಸ್ ಹಾಡ್ಜ್‌ಕಿನ್

ನಮ್ಮ ದೇಹದಲ್ಲಿ ರಕ್ತನಾಳಗಳಲ್ಲದೆ ಮತ್ತೊಂದು ಸೂಕ್ಷ್ಮವಾದ ನಾಳಜಾಲವುಂಟು. ಅದರಲ್ಲಿ ಹರಿಯುವ ದ್ರವಕ್ಕೆ ದುಗ್ಧರಸವೆಂದು ಹೆಸರು. ಕುತ್ತಿಗೆ, ಕಂಕುಳು, ಎದೆಗೂಡು ಮೊದಲಾದೆಡೆ ಇರುವ ಇದರ ಗ್ರಂಥಿಗಳು ಕಾವಲುಗಾರರಂತೆ ದೇಹವನ್ನು ರೋಗಗಳಿಂದ ರಕ್ಷಿಸುತ್ತವೆ. ಈ ಕಾವಲಿನ ವ್ಯವಸ್ಥೆಯಲ್ಲೇ ಹುಟ್ಟುವ ಅರ್ಬುದಕ್ಕೆ ಲಿಂಫೋಮ ಎನ್ನುವರು. ಅದರ ಒಂದು ಬಗೆಯನ್ನು ಲೋಕಕ್ಕೆ ತಿಳಿಸಿದವನು ಥಾಮಸ್ ಹಾಡ್ಜ್‌ಕಿನ್.

ಹಾಡ್ಜ್‌ಕಿನ್ 1798ರಲ್ಲಿ ಲಂಡನ್ನಿನ ಪೆಂಟನ್‌ವಿಲ್‌ನಲ್ಲಿ ಜನಿಸಿದನು. ಅವನ ಮನೆತನದವರು ಸರಳಜೀವನಕ್ಕೂ ಶಾಂತಿಗೂ ಹೆಸರಾದ ಕ್ವೇಕರ್ ಪಂಥದವರು. 1823ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಪದವಿ ಪಡೆದನು. ಪ್ಯಾರಿಸ್ಸಿನಲ್ಲಿ ಲೆನೆಕ್ಕನಿಂದ ಸ್ಟೆತಾಸ್ಕೋಪಿನ ಬಳಕೆಯನ್ನು ಕಲಿತು ಬಂದು, ಲಂಡನ್ನಿನ ಗೈಸ್ ಆಸ್ಪತ್ರೆಯ ವಸ್ತುಸಂಗ್ರಹಾಲಯದ ಪಾಲಕನಾದನು. ಮೃತರ ದೇಹಗಳನ್ನು ಪರೀಕ್ಷಿಸಿ, ರೋಗಪೀಡಿತ ಅಂಗಗಳನ್ನು ಕಾಪಿಡುವುದು ಅವನ ಕೆಲಸ. ಯಾರೂ ಹೊಗಳದ ಆ ಕಾರ್ಯವನ್ನು ಅವನು ಶ್ರದ್ಧೆಯಿಂದ ಮಾಡಿದನು. ಗ್ರಂಥಿಗಳೂ ಗುಲ್ಮವೂ ಊದಿಕೊಂಡ ಏಳು ರೋಗಿಗಳ ವೃತ್ತಾಂತವನ್ನು 1832ರಲ್ಲಿ ಪ್ರಬಂಧವಾಗಿ ಮಂಡಿಸಿದನು. ಇದು ಬೇರೆ ರೋಗದ ಪರಿಣಾಮವಲ್ಲ, ಗ್ರಂಥಿಗಳದೇ ವ್ಯಾಧಿ ಎಂದು ಬರಿಗಣ್ಣಿನ ಪರೀಕ್ಷೆಯಿಂದಲೇ ಅವನು ಊಹಿಸಿದ್ದನು. ಆದರೆ ಅಂದಿನ ವೈದ್ಯಲೋಕ ಅದರತ್ತ ಗಮನ ಹರಿಸಲಿಲ್ಲ.

ಹಾಡ್ಜ್‌ಕಿನ್ನನ ಮನಸ್ಸು ರೋಗಿಗಳಲ್ಲಿ ಮಾತ್ರವಲ್ಲ, ದುರ್ಬಲರಲ್ಲೂ ನೆಟ್ಟಿತ್ತು. ಉತ್ತರ ಅಮೆರಿಕದ ಮೂಲನಿವಾಸಿಗಳು ವ್ಯಾಪಾರಿ ಕಂಪನಿಯಿಂದ ಪಡುತ್ತಿದ್ದ ಪಾಡನ್ನು ಅವನು ಬಹಿರಂಗವಾಗಿ ಖಂಡಿಸಿದನು. 1837ರಲ್ಲಿ ಆಸ್ಪತ್ರೆಯಲ್ಲಿ ವೈದ್ಯನ ಹುದ್ದೆ ತೆರವಾದಾಗ ಅದು ಅವನಿಗೆ ದೊರೆಯಲಿಲ್ಲ. ಅವನ ನಿರ್ಭೀತ ಮಾತೂ ಇದಕ್ಕೊಂದು ಕಾರಣವೆಂದು ಚರಿತ್ರಕಾರರು ಬರೆದಿದ್ದಾರೆ. ಅವನು ಆಸ್ಪತ್ರೆಯನ್ನೇ ತೊರೆದನು; ತನ್ನ ನಂಬಿಕೆಯನ್ನು ತೊರೆಯಲಿಲ್ಲ. ಅದೇ ವರ್ಷ ಮೂಲನಿವಾಸಿಗಳ ರಕ್ಷಣಾ ಸಂಘದ ಸ್ಥಾಪನೆಯಲ್ಲಿ ಪಾಲ್ಗೊಂಡನು.

ವರ್ಷಗಳು ಉರುಳಿದವು. ಅದೇ ಆಸ್ಪತ್ರೆಯ ಸ್ಯಾಮ್ಯುಯಲ್ ವಿಲ್ಕ್ಸ್ ಎಂಬ ವೈದ್ಯನು ಈ ರೋಗವನ್ನು ತಾನೇ ಮೊದಲು ಕಂಡೆನೆಂದು ಭಾವಿಸಿದ್ದನು. ಹಾಡ್ಜ್‌ಕಿನ್ನನ ಪ್ರಬಂಧ ಕಣ್ಣಿಗೆ ಬಿದ್ದೊಡನೆ ಆ ಗೌರವವನ್ನು ಅವನಿಗೇ ಬಿಟ್ಟುಕೊಟ್ಟನು. 1865ರಲ್ಲಿ ರೋಗಕ್ಕೆ ಹಾಡ್ಜ್‌ಕಿನ್ನನ ಹೆಸರನ್ನೇ ಇಟ್ಟನು. ಕಂಡವನ ತಾಳ್ಮೆ ಎಷ್ಟು ದೊಡ್ಡದೋ ಒಪ್ಪಿಕೊಂಡವನ ಔದಾರ್ಯವೂ ಅಷ್ಟೇ ದೊಡ್ಡದು.

ಮರುವರ್ಷ, ಗೆಳೆಯ ಮೋಸೆಸ್ ಮಾಂಟೆಫಿಯೋರನೊಡನೆ ಪ್ಯಾಲೆಸ್ಟೈನಿಗೆ ಹೋಗಿದ್ದ ಹಾಡ್ಜ್‌ಕಿನ್ ಜಾಫಾ ಪಟ್ಟಣದಲ್ಲಿ ಕಾಯಿಲೆಯಿಂದ ತೀರಿಕೊಂಡನು. ಅವನು ವರ್ಣಿಸಿದ ರೋಗಿಗಳ ಅಂಗಭಾಗಗಳಲ್ಲಿ ಕೆಲವು ಆಸ್ಪತ್ರೆಯಲ್ಲಿ ಹಾಗೆಯೇ ಉಳಿದಿದ್ದವು. 1926ರಲ್ಲಿ ಅವುಗಳನ್ನು ಸೂಕ್ಷ್ಮದರ್ಶಕದಿಂದ ನೋಡಿದಾಗ ಅವನ ಊಹೆ ನಿಜವಾಗಿತ್ತೆಂದು ತಿಳಿದುಬಂದಿತು. ಅವನ ಕಾಲದಲ್ಲಿ ಈ ರೋಗಕ್ಕೆ ಮದ್ದಿರಲಿಲ್ಲ. ಇಂದು ಕಿರಣಚಿಕಿತ್ಸೆಯಿಂದಲೂ ಔಷಧಗಳಿಂದಲೂ ರೋಗಿಗಳಲ್ಲಿ ಬಹುಮಂದಿ ಗುಣಹೊಂದುತ್ತಾರೆ. ಹುದ್ದೆ ಸಿಗದಿದ್ದವನ ಹೆಸರು ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ಉಳಿದಿದೆ.