ಮತ ಹಾಕಿದ್ದೇ ಅಪರಾಧವಾಯಿತು!

ಸರ್ಕಾರಿ ಕೆಲಸಕ್ಕೆ ಆಯ್ಕೆಯಾದವರು ತುಂಬಿಕೊಡುವ ನಮೂನೆಗಳಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳಿರುತ್ತವೆ. ನಿಮ್ಮ ಮೇಲೆ ಕ್ರಿಮಿನಲ್ ಕೇಸು ಬಾಕಿ ಇದೆಯೇ? ಯಾವುದಾದರೂ ಕೇಸಿನಲ್ಲಿ ಶಿಕ್ಷೆ ಆಗಿದೆಯೇ? ಈ ಎರಡರ ನಡುವೆ ಎಷ್ಟು ದೊಡ್ಡ ಅಂತರವಿದೆ ಎಂಬುದು ಎಂಜಿನಿಯರಿಂಗ್ ಓದುವ ನನಗೆ ಮನದಟ್ಟಾಗಿದ್ದು ಅಮೆರಿಕದ ಸೂಸನ್ ಬಿ. ಆಂಟನಿಯವರ ಬದುಕಿನ ಕಥೆ ಓದಿದಾಗ.

ಸೂಸನ್ ಹುಟ್ಟಿದ್ದು 1820ರ ಫೆಬ್ರುವರಿ 15ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಆಡಮ್ಸ್ ಎಂಬ ಊರಿನಲ್ಲಿ. ತಂದೆಯ ಹತ್ತಿ ಗಿರಣಿ ವ್ಯವಹಾರ ನೆಲ ಕಚ್ಚಿದಾಗ ಶಿಕ್ಷಕಿಯಾದರು. ಅದೇ ಕೆಲಸ ಮಾಡುವ ಗಂಡಸರಿಗೆ ತಮಗಿಂತ ಹೆಚ್ಚು ಸಂಬಳ ಸಿಗುವುದನ್ನು ಕಂಡರು. ಮುಂದೆ ಗುಲಾಮಗಿರಿಯ ವಿರುದ್ಧ ದುಡಿದರು. ಎಲಿಜಬೆತ್ ಕೇಡಿ ಸ್ಟಾಂಟನ್ ಅವರ ಜೊತೆಗೂಡಿ ಮಹಿಳೆಯರ ಮತದಾನದ ಹಕ್ಕಿಗಾಗಿ ಊರೂರು ಸುತ್ತಿದರು.

1868ರಲ್ಲಿ ಅಮೆರಿಕದ ಸಂವಿಧಾನಕ್ಕೆ 14ನೇ ತಿದ್ದುಪಡಿ ಬಂತು. ಆ ದೇಶದಲ್ಲಿ ಹುಟ್ಟಿದವರೆಲ್ಲ ನಾಗರಿಕರು ಎಂದು ಅದು ಹೇಳಿತು. ಹಾಗಾದರೆ ಹೆಂಗಸರೂ ನಾಗರಿಕರೇ, ನಾಗರಿಕರಿಗೆ ಮತದ ಹಕ್ಕು ಇರಲೇಬೇಕು ಎಂಬುದು ಸೂಸನ್ ವಾದ. 1872ರ ನವೆಂಬರ್ 5ರಂದು ರಾಚೆಸ್ಟರ್ ನಗರದಲ್ಲಿ ಅವರು ಮತ ಹಾಕಿಯೇಬಿಟ್ಟರು. ಆಗ ಅವರಿಗೆ 52 ವರ್ಷ. ಎರಡು ವಾರದೊಳಗೆ ಅಧಿಕಾರಿ ಮನೆಗೆ ಬಂದು ಬಂಧಿಸಿದರು. ಹಕ್ಕಿಲ್ಲ ಎಂದು ತಿಳಿದೂ ಮತ ಹಾಕಿದ್ದಾರೆ ಎಂಬುದು ದೂರು. 1870ರ ಕಾನೂನಿನಂತೆ ಇದಕ್ಕೆ 3 ವರ್ಷದವರೆಗೆ ಜೈಲು, 500 ಡಾಲರ್‌ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಿತ್ತು.

ಪ್ರಕರಣ ಗ್ರ್ಯಾಂಡ್ ಜ್ಯೂರಿಯ ಮುಂದೆ ಹೋಯಿತು. ನಮ್ಮಲ್ಲಿ ಪೊಲೀಸರು ತನಿಖೆ ಮುಗಿಸಿ ಆರೋಪಪಟ್ಟಿ ಸಲ್ಲಿಸುತ್ತಾರೆ, ನ್ಯಾಯಾಧೀಶರು ಅದನ್ನು ನೋಡಿ ಆರೋಪ ನಿಗದಿ ಮಾಡುತ್ತಾರೆ. ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ಗಂಭೀರ ಅಪರಾಧಗಳಿಗೆ ಈ ಕೆಲಸ ಸಾಮಾನ್ಯ ನಾಗರಿಕರ ಗುಂಪಿನದು. 1791ರ 5ನೇ ತಿದ್ದುಪಡಿಯಲ್ಲೇ ಇದು ಸೇರಿದೆ. ಇಂದಿನ ನಿಯಮದಂತೆ ಅದರಲ್ಲಿ 16ರಿಂದ 23 ಜನ ಇರುತ್ತಾರೆ, ಕನಿಷ್ಠ 12 ಮಂದಿ ಒಪ್ಪಬೇಕು. ಕಲಾಪ ಗುಟ್ಟಾಗಿ ನಡೆಯುತ್ತದೆ. ಸಾಕ್ಷ್ಯ ಮಂಡಿಸುವುದು ಸರ್ಕಾರಿ ವಕೀಲರು. ಆರೋಪಿಯ ವಕೀಲರಿಗೆ ಒಳಗೆ ಪ್ರವೇಶವಿಲ್ಲ. ಅಪರಾಧ ನಡೆದಿದೆ ಎಂದು ನಂಬಲು ಸಾಕಷ್ಟು ಕಾರಣ ಇದೆಯೇ ಎಂಬುದಷ್ಟೇ ಅಲ್ಲಿ ನಿರ್ಧಾರವಾಗುತ್ತದೆ. ಇದೆ ಎಂದಾದರೆ ‘ಇಂಡೈಟ್‌ಮೆಂಟ್’ ಹೊರಬೀಳುತ್ತದೆ. ಅದು ಕೇಸಿನ ಬಾಗಿಲು ಮಾತ್ರ. ತಪ್ಪಿತಸ್ಥರೋ ಅಲ್ಲವೋ ಎಂದು ಹೇಳಬೇಕಾದದ್ದು ವಿಚಾರಣೆಯಲ್ಲಿ ಕೂರುವ ಇನ್ನೊಂದು ಜ್ಯೂರಿ.

1873ರ ಜನವರಿ 24ರಂದು ಆಲ್ಬನಿಯಲ್ಲಿ 20 ಗಂಡಸರ ಗ್ರ್ಯಾಂಡ್ ಜ್ಯೂರಿ ಸೂಸನ್ ಮೇಲೆ ಆರೋಪ ಹೊರಿಸಿತು. ಅವರು ಹೆಣ್ಣು ಎಂಬುದನ್ನೂ ಆ ಆರೋಪದಲ್ಲಿ ಬರೆಯಲಾಗಿತ್ತು. ಅಪರಾಧದ ತಿರುಳೇ ಅದು ತಾನೇ!

ಸೂಸನ್ ಕೈಕಟ್ಟಿ ಕೂರಲಿಲ್ಲ. ವಿಚಾರಣೆಗೆ ಮೊದಲು ಮನ್ರೋ ಕೌಂಟಿಯ ಊರುಗಳಿಗೆಲ್ಲ ಹೋಗಿ ಭಾಷಣ ಮಾಡಿದರು. ಜ್ಯೂರಿಗೆ ಬರುವವರು ಆ ಊರುಗಳ ಜನರೇ ಅಲ್ಲವೇ? ಸರ್ಕಾರಿ ವಕೀಲರು ಪ್ರಕರಣವನ್ನು ಪಕ್ಕದ ಒಂಟಾರಿಯೊ ಕೌಂಟಿಯ ಕ್ಯಾನನ್‌ಡೇಗ್ವಾಕ್ಕೆ ವರ್ಗ ಮಾಡಿಸಿದರು. ಸೂಸನ್ ಅಲ್ಲಿಗೂ ಹೋಗಿ ಮಾತನಾಡಿದರು.

ಜೂನ್ 17ರಂದು ವಿಚಾರಣೆ ಶುರುವಾಯಿತು. ಸೂಸನ್ ತಮ್ಮ ಪರ ಸಾಕ್ಷಿ ಹೇಳಲು ನ್ಯಾಯಾಧೀಶ ವಾರ್ಡ್ ಹಂಟ್ ಬಿಡಲಿಲ್ಲ. ವಾದ ಮುಗಿಯುತ್ತಲೇ ಮೊದಲೇ ಬರೆದುಕೊಂಡಿದ್ದ ತೀರ್ಮಾನ ಓದಿದರು. ತಪ್ಪಿತಸ್ಥೆ ಎಂದೇ ತೀರ್ಪು ಕೊಡಿ ಎಂದು ಜ್ಯೂರಿಗೆ ಆದೇಶಿಸಿದರು. ಹನ್ನೆರಡು ಜನ ಕೂತು ಚರ್ಚಿಸುವ ಅವಕಾಶವೇ ಸಿಗಲಿಲ್ಲ. ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ ಭಾಗ ಇದೇ. ಎರಡೆರಡು ಜ್ಯೂರಿ, ವಕೀಲರು, ಕಟಕಟೆ, ಎಲ್ಲವೂ ಇದ್ದವು. ಆದರೂ ಆರೋಪಕ್ಕೂ ಅಪರಾಧಕ್ಕೂ ನಡುವೆ ಇರಬೇಕಾದ ಗೋಡೆ ಒಬ್ಬ ವ್ಯಕ್ತಿಯ ಮಾತಿಗೆ ಉರುಳಿತು.

100 ಡಾಲರ್ ದಂಡ ಬಿತ್ತು. ಕಟ್ಟುವುದಿಲ್ಲ ಎಂದು ಸೂಸನ್ ಕೋರ್ಟಿನಲ್ಲೇ ಹೇಳಿದರು, ಕೊನೆಯವರೆಗೂ ಕಟ್ಟಲಿಲ್ಲ. ಕಟ್ಟುವ ತನಕ ಜೈಲಿಗೆ ಹಾಕಿ ಎಂದು ನ್ಯಾಯಾಧೀಶರು ಆದೇಶಿಸಲಿಲ್ಲ. ಅದು ದಯೆಯಂತೆ ಕಂಡರೂ, ಜೈಲಿನಿಂದ ಸುಪ್ರೀಂ ಕೋರ್ಟಿಗೆ ಹೋಗುವ ದಾರಿ ಅದರಿಂದಲೇ ಮುಚ್ಚಿತು.

1906ರ ಮಾರ್ಚ್ 13ರಂದು ಸೂಸನ್ ತೀರಿಕೊಂಡರು. ಮತದಾನದಲ್ಲಿ ಲಿಂಗಭೇದ ಮಾಡುವಂತಿಲ್ಲ ಎಂಬ 19ನೇ ತಿದ್ದುಪಡಿ ಬಂದದ್ದು 1920ರಲ್ಲಿ.

ನನಗೀಗ ಇಪ್ಪತ್ತು. ಮತದ ಹಕ್ಕು ಕೇಳದೆಯೇ ಕೈಗೆ ಬಂದಿದೆ. ಮೊಬೈಲ್‌ನಲ್ಲಿ ಯಾರದೋ ಬಂಧನದ ಸುದ್ದಿ ಬಂದೊಡನೆ ಕೆಳಗೆ ಕಳ್ಳ, ದ್ರೋಹಿ ಎಂದು ತೀರ್ಪು ಬರೆಯುವವರೂ ನಮ್ಮ ವಯಸ್ಸಿನವರೇ. ಹಾಗೆ ಬರೆಯುವ ಮುನ್ನ ಒಂದು ಸಲ ಸೂಸನ್ ನೆನಪಾಗಲಿ. ಆಕೆಯೂ ಒಂದು ಕಾಲಕ್ಕೆ ಆರೋಪಿಯೇ ಆಗಿದ್ದರು.