ಬಸ್ ಮೆಕ್ಯಾನಿಕ್ ಅಧ್ಯಕ್ಷರಾದರು, ಬೆಟ್ಟಕ್ಕೆ ಬಲಿಯಾದರು

ನಮ್ಮ ಸಾಗರ ತಾಲೂಕು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಹೆಸರು ಇಲ್ಲಿ ಮನೆಮಾತಾಯಿತು. ಆದರೆ ಈ ಮ್ಯಾಗ್ಸೆಸೆ ಅಂದರೆ ಯಾರು? ಪ್ರಶಸ್ತಿ ಗೊತ್ತು, ಮನುಷ್ಯ ಎಷ್ಟು ಜನಕ್ಕೆ ಗೊತ್ತು?

ರಾಮೋನ್ ಮ್ಯಾಗ್ಸೆಸೆ ಫಿಲಿಪೈನ್ಸ್ ದೇಶದವರು. ಸಾಂಬಾಲೆಸ್ ಪ್ರಾಂತ್ಯದ ಇಬಾ ಎಂಬ ಊರಿನಲ್ಲಿ 1907ರ ಆಗಸ್ಟ್ 31ರಂದು ಹುಟ್ಟಿದರು. ತಂದೆ ಕಮ್ಮಾರಿಕೆ ಬಲ್ಲವರು. ಓದು ಮುಗಿಸಿದ ಮಗ ಸೇರಿದ್ದು ಬಸ್ ಕಂಪನಿಯೊಂದಕ್ಕೆ, ಮೆಕ್ಯಾನಿಕ್ ಆಗಿ. ನಟ್ಟು ಬೋಲ್ಟು ತಿರುಗಿಸುತ್ತಲೇ ಮೇಲೆ ಬಂದು ಶಾಖೆಯ ಮ್ಯಾನೇಜರ್ ಆದರು.

ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ದೇಶ ಹಿಡಿದಾಗ ಗೆರಿಲ್ಲಾ ಪಡೆ ಸೇರಿ ಹೋರಾಡಿದರು. 1946ರಲ್ಲಿ ಸಂಸತ್ತಿಗೆ ಗೆದ್ದರು. 1950ರಲ್ಲಿ ರಕ್ಷಣಾ ಮಂತ್ರಿಯಾದರು.

ಆಗ ಅಲ್ಲಿ ಹುಕ್ ಎಂಬ ರೈತರ ಬಂಡಾಯ ಹೊತ್ತಿ ಉರಿಯುತ್ತಿತ್ತು. ಜಮೀನ್ದಾರರ ಕಾಟ ಒಂದು ಕಡೆ, ಸೈನಿಕರ ದಬ್ಬಾಳಿಕೆ ಇನ್ನೊಂದು ಕಡೆ. ಮ್ಯಾಗ್ಸೆಸೆ ಬಂದೂಕು ಕೆಳಗಿಟ್ಟರು ಅಂತ ಯಾರೂ ಹೇಳಲಾರರು. ಆದರೆ ಮೊದಲು ತಮ್ಮದೇ ಸೈನ್ಯದ ಕಿವಿ ಹಿಂಡಿದರು. ಯಾವ ರೈತನಾದರೂ ಬರೀ 10 ಸೆಂಟಾವೊ ಕೊಟ್ಟು ಮಂತ್ರಿಗೆ ನೇರವಾಗಿ ದೂರಿನ ತಂತಿ ಕಳಿಸಬಹುದು ಅಂತ ಏರ್ಪಾಡು ಮಾಡಿದರು. ಶರಣಾದ ಬಂಡಾಯಗಾರರಿಗೆ ಮಿಂಡನಾವೋ ದ್ವೀಪದಲ್ಲಿ ಜಮೀನು ಕೊಡಿಸಿದರು. ಬಂಡಾಯ ತಣ್ಣಗಾಯಿತು.

1953ರ ಚುನಾವಣೆಯಲ್ಲಿ ಭಾರಿ ಬಹುಮತದಿಂದ ಗೆದ್ದು ಅಧ್ಯಕ್ಷರಾದರು. ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಮಲಕನ್ಯಾಂಗ್ ಅರಮನೆಯ ಬಾಗಿಲನ್ನು ಜನಕ್ಕೆ ತೆರೆದದ್ದು. ದೂರು ಕೇಳುವುದಕ್ಕೇ ಬೇರೆ ಸಮಿತಿ ಇತ್ತು.

ಟೀಕೆಯೂ ಇತ್ತು. ಅಮೆರಿಕದ ಗುಪ್ತಚರ ಅಧಿಕಾರಿ ಎಡ್ವರ್ಡ್ ಲ್ಯಾನ್ಸ್‌ಡೇಲ್ ಅವರ ಬೆನ್ನಿಗಿದ್ದರು. ಅಮೆರಿಕದ ಮನುಷ್ಯ ಎಂಬ ಮಾತು ಕೊನೆವರೆಗೂ ತಪ್ಪಲಿಲ್ಲ. 1955ರಲ್ಲಿ ತಂದ ಭೂಸುಧಾರಣೆ ಕಾಯ್ದೆಯ ಹಲ್ಲನ್ನು ಸಂಸತ್ತಿನ ಜಮೀನ್ದಾರರೇ ಕಿತ್ತರು. ಇಷ್ಟಾದರೂ ಬಡವರಿಗೆ ಅವರ ಮೇಲಿನ ನಂಬಿಕೆ ಹೋಗಲಿಲ್ಲ.

1957ರ ಮಾರ್ಚ್ 16ರಂದು ಸೆಬು ನಗರದಲ್ಲಿ ಭಾಷಣದ ಮೇಲೆ ಭಾಷಣ. ನಡುರಾತ್ರಿ ಕಳೆದು ಒಂದು ಗಂಟೆ ದಾಟಿದ ಮೇಲೆ ಮನಿಲಾಕ್ಕೆ ಹೊರಟರು. ವಿಮಾನ ವಾಯುಸೇನೆಯ ಸಿ-47, ಹೆಸರು ಮೌಂಟ್ ಪಿನಟುಬೊ. ಅರ್ಧ ಗಂಟೆಯೂ ಹಾರಲಿಲ್ಲ, ಮನುಂಗಾಲ್ ಬೆಟ್ಟಕ್ಕೆ ಬಡಿದು ಹೊತ್ತಿಕೊಂಡಿತು. ಒಳಗಿದ್ದ 26 ಜನರಲ್ಲಿ 25 ಮಂದಿ ಸತ್ತರು. ಅಧ್ಯಕ್ಷರಿಗೆ ಆಗಿನ್ನೂ 49 ವರ್ಷ.

ಬದುಕಿದ್ದು ಒಬ್ಬರೇ, ಪತ್ರಿಕೆಯ ವರದಿಗಾರ ನೆಸ್ಟರ್ ಮಾಟಾ. ಮೈಯೆಲ್ಲ ಸುಟ್ಟುಹೋಗಿದ್ದ ಅವರನ್ನು ಬೆಟ್ಟದ ರೈತರು ಜೋಲಿ ಕಟ್ಟಿ ಹೊತ್ತು ಕೆಳಗೆ ತಂದರು. ಅಧ್ಯಕ್ಷರ ಸಾವಿನ ಸುದ್ದಿ ಲೋಕಕ್ಕೆ ತಿಳಿಯುವಾಗ ಮಧ್ಯಾಹ್ನ ದಾಟಿತ್ತು.

ಯಾರಾದರೂ ಕೊಂದರೇ ಅಂತ ಗುಸುಗುಸು ಹಬ್ಬಿತು. ತನಿಖೆಯಲ್ಲಿ ಸಿಕ್ಕಿದ ಕಾರಣ ಬೇರೆ. ಎಂಜಿನ್ನಿನ ಡ್ರೈವ್ ಸ್ಪಿಂಡಲ್ಲು ಲೋಹ ಸವೆದು ದಣಿದು ಮುರಿದಿತ್ತು, ಎಂಜಿನ್ನಿನ ಶಕ್ತಿ ಹೋಗಿತ್ತು. ಗ್ಯಾರೇಜಿನಲ್ಲಿ ಬೆಳೆದ ಮನುಷ್ಯನನ್ನು ಒಂದು ಬಿಡಿಭಾಗ ಬಲಿ ತೆಗೆದುಕೊಂಡಿತು!

ಮನಿಲಾದ ಅಂತ್ಯಕ್ರಿಯೆಗೆ ಜನಸಾಗರವೇ ಹರಿದು ಬಂತು. ಅದೇ ವರ್ಷ ಅಮೆರಿಕದ ರಾಕ್‌ಫೆಲರ್ ಸೋದರರ ನಿಧಿಯ ಹಣದಿಂದ ಪ್ರಶಸ್ತಿ ಸ್ಥಾಪನೆಯಾಯಿತು. 1958ರಲ್ಲಿ ಮೊದಲ ಸಲ ಪಡೆದವರಲ್ಲಿ ನಮ್ಮ ವಿನೋಬಾ ಭಾವೆ ಒಬ್ಬರು.

ಪ್ರಶಸ್ತಿ ಬಂದವರಿಗೆ ಹಾರ ಹಾಕಿ ಸನ್ಮಾನ ಮಾಡುವ ನಮ್ಮ ಮಂತ್ರಿ ಮಹೋದಯರು ಆ 10 ಸೆಂಟಾವೊ ತಂತಿಯ ಕತೆಯನ್ನೂ ಒಂದು ಸಲ ಕೇಳಿಸಿಕೊಂಡರೆ, ಅರ್ಜಿ ಹಿಡಿದು ಕಚೇರಿ ಮೆಟ್ಟಿಲು ಸವೆಸುವವರಿಗೆ ದೊಡ್ಡ ಉಪಕಾರವಾದೀತು.